ಬೆಳ್ಳಮ್ಮನನ್ನು ನೋಡಿಕೊಳ್ಳುವವರು

ಬುಧವಾರ ಮಧ್ಯಾಹ್ನ ಮಳವಳ್ಳಿಯ ಠಾಣೆಗೆ ಬಂದ ಬಂಡೂರಿನ ಹೊನ್ನಯ್ಯ, ಕೂರಿ ಎಂದರೂ ಕೂರದೆ ಮೇಜು ಹಿಡಿದುಕೊಂಡೇ ನಿಂತ.

"ನನ್ ಟಗರು ಒಂಟೋಯ್ತು ಕಣಮ್ಮ. ಉಣ್ಣಕ್ಕೆ ಅಂತ ಒಳಕ್ಕೆ ಓಗಿದ್ದೆ. ಬಂದು ನೋಡಿದ್ರೆ ಗೂಟದಲ್ಲಿ ಅಗ್ಗನೂ ಇಲ್ಲ."

ಸಬ್ ಇನ್‌ಸ್ಪೆಕ್ಟರ್ ಸೌಮ್ಯ ಈ ಠಾಣೆಗೆ ಬಂದು ವರ್ಷ ತುಂಬಿರಲಿಲ್ಲ. ಆದರೂ ಬಂಡೂರು ಟಗರಿನ ಬೆಲೆ ಏನೆಂದು ಅವಳಿಗೆ ಗೊತ್ತಿತ್ತು.

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಯಾರ್ ಮೇಲೂ ಇಲ್ಲ. ಆದ್ರೆ ಒಂದ್ ಮಾತು. ಅದು ಗೊತ್ತಿಲ್ದೋರನ್ನ ಗುಮ್ತದೆ. ಒಡ್ಕಂಡ್ ಓಗಿರೋರು ಕುರಿ ಬಲ್ಲೋರೇಯ."

ಭಾರತೀಯ ನ್ಯಾಯ ಸಂಹಿತೆಯ ಕಳ್ಳತನದ ಕಲಮಿನಡಿ ಎಫ್ಐಆರ್ ಆಯಿತು. ಹೊತ್ತಿರುವಾಗಲೇ ಸೌಮ್ಯ, ಹೆಡ್ ಕಾನ್‌ಸ್ಟೇಬಲ್ ಮರಿಸಿದ್ದಯ್ಯನ ಜೊತೆ ಬಂಡೂರಿಗೆ ಹೋದಳು. ಊರಿನ ಇಬ್ಬರು ಪಂಚರ ಎದುರು ಸ್ಥಳದ ಪಂಚನಾಮೆ ನಡೆಯಿತು. ಕೊಟ್ಟಿಗೆಯಿಂದ ರಸ್ತೆಯವರೆಗೆ ಅಲ್ಲೊಂದು ಇಲ್ಲೊಂದು ಹುರಳಿ ಕಾಳು ಬಿದ್ದಿದ್ದವು. ಎದುರು ಮನೆಯ ಮಂಗಳಮ್ಮ ಕಂಡದ್ದನ್ನು ಹೇಳಿದಳು.

"ಒಂದ್ ಎಣ್ಣುಮಗಳು ಮುಂದೆ ಓಯ್ತಿದ್ಳು. ಟಗರು ಅವಳ ಸೆರಗು ಮೂಸ್ಕಂಡು ಇಂದೆ ಓಯ್ತಿತ್ತು. ಅವಳು ಎಳೀತಾನೂ ಇರ್ಲಿಲ್ಲ. ನೆಂಟರೇನೋ ಅನ್ಕಂಡು ಸುಮ್ಕಾದೆ."

ಮುಂದಿನ ಎರಡು ದಿನ ಮರಿಸಿದ್ದಯ್ಯ ತಾಲ್ಲೂಕಿನ ಕುರಿ ವ್ಯಾಪಾರಿಗಳನ್ನೆಲ್ಲ ವಿಚಾರಿಸಿದ. ಸುಳಿವು ಸಿಕ್ಕಿದ್ದು ಶನಿವಾರ, ಮದ್ದೂರಿನಲ್ಲಿ. ಶಫೀವುಲ್ಲಾ ಎಂಬ ವ್ಯಾಪಾರಿಯ ಶೆಡ್ಡಿನಲ್ಲಿ ಟಗರು ಮೆಲುಕು ಹಾಕುತ್ತ ಮಲಗಿತ್ತು. ಜೊತೆಗೆ ಬಂದಿದ್ದ ಹೊನ್ನಯ್ಯ ಗುರುತು ಹಿಡಿದ. ಟಗರನ್ನು ವಶಕ್ಕೆ ಪಡೆದರು.

"ಯಾರು ಮಾರಿದ್ದು?" ಸೌಮ್ಯ ಕೇಳಿದಳು.

"ಹೆಸರು ಗೊತ್ತಿಲ್ಲ ಮೇಡಂ. ತವರು ಮನೆ ಟಗರು ಅಂದ್ರು, ನಂಬಿದೆ. ದುಡ್ಡು ಕೈಗೆ ಬ್ಯಾಡ ಅಂತ ಒಂದು ಫೋನ್ ನಂಬರ್ ಕೊಟ್ಟು ಅದಕ್ಕೇ ಹಾಕ್ಸಿದ್ರು."

"ಬೇರೇನಾದ್ರೂ ಹೇಳಿದ್ಲಾ?"

"ಗೇಟ್ ತನಕ ಹೋಗಿ ವಾಪಸ್ ಬಂದ್ರು. ಇದನ್ನ ಕುಯ್ಯೋರಿಗೆ ಕೊಡಬ್ಯಾಡಿ, ಸಾಕೋರಿಗೇ ಮಾರಿ ಅಂದ್ರು. ಅದಕ್ಕೇ ಇನ್ನೂ ಇಟ್ಕೊಂಡಿದ್ದೀನಿ. ಈಗ ನನ್ನ ದುಡ್ಡು?"

"ನೋಡೋಣ," ಎಂದಳು ಸೌಮ್ಯ.

ಆ ನಂಬರು ಮಂಡ್ಯದ್ದು. ವಯಸ್ಸಾದವರನ್ನು ನೋಡಿಕೊಳ್ಳಲು ಮನೆಗಳಿಗೆ ಹೆಂಗಸರನ್ನು ಕಳಿಸುವ ಒಂದು ಸಣ್ಣ ಕಚೇರಿಯದು. ಅಲ್ಲಿದ್ದ ಅರ್ಪಿತ ಎಂಬಾಕೆ ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರಿಸಿದಳು. ಹಣ ಕಟ್ಟಿಸಿದವಳು ಮದ್ದೂರಿನ ಕುಸುಮ. ಗಾರ್ಮೆಂಟ್ಸಿನಲ್ಲಿ ಕೆಲಸ. ಲಕ್ವ ಹೊಡೆದು ಮಲಗಿರುವ ಅತ್ತೆಗೆ ಹಾಜಿರಾ ಬೀ ಎಂಬಾಕೆಯನ್ನು ಇಟ್ಟುಕೊಂಡಿದ್ದಳು. ಕೆಲವು ತಿಂಗಳ ಹಣ ಬಾಕಿ ಬಿದ್ದಿತ್ತು.

"ಕಟ್ಟದಿದ್ರೆ ಹಾಜಿರಾ ಬೀನ ಬೇರೆ ಮನೆಗೆ ಹಾಕ್ತೀವಿ ಅಂದಿದ್ದೆ ಮೇಡಂ. ಅವರಿಗೂ ನಾವು ಸಂಬಳ ಕೊಡಬೇಕಲ್ಲ."

"ಇದು ಕದ್ದ ಮಾಲಿನ ಹಣ. ಖರ್ಚು ಮಾಡಬೇಡಿ."

ಅರ್ಪಿತ ತಲೆಯಾಡಿಸಿದಳು. "ಹಾಗಾದ್ರೆ ಹಾಜಿರಾನ ವಾಪಸ್ ಕರೆಸ್ಕೋಬೇಕಾಗತ್ತೆ."

ಸೌಮ್ಯ ಕುಸುಮಳ ಬಾಡಿಗೆ ಮನೆಯ ವಿಳಾಸ ಬರೆದುಕೊಂಡಳು.

ಸಂಜೆ ಮದ್ದೂರಿನ ಆ ಬಾಡಿಗೆ ಮನೆಗೆ ಹೋದಾಗ ಹಾಜಿರಾ ಬೀ ಮಂಚದ ಅಂಚಿನಲ್ಲಿ ಕೂತು ಕುಸುಮಳ ಅತ್ತೆ ಬೆಳ್ಳಮ್ಮನಿಗೆ ರಾಗಿ ಗಂಜಿ ಕುಡಿಸುತ್ತಿದ್ದಳು. ಒಂದು ಗುಟುಕು, ಗದ್ದ ಒರೆಸುವುದು, ಗಂಟಲಲ್ಲಿ ಇಳಿಯುವ ತನಕ ಕಾಯುವುದು, ಮತ್ತೆ ಒಂದು ಗುಟುಕು. ಪೊಲೀಸರನ್ನು ಕಂಡರೂ ಅವಳು ಲೋಟ ಕೆಳಗಿಡಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾಕ್ಟರಿ ಬಸ್ಸಿಳಿದು ಕುಸುಮ ಬಂದಳು. ಬಾಗಿಲಲ್ಲಿ ಖಾಕಿ ಕಂಡವಳೇ ನಿಂತುಬಿಟ್ಟಳು.

"ಟಗರು ತಗೊಂಡು ಹೋಗಿದ್ದು ನೀನೇನಾ?"

"ಊ ಮೇಡಂ."

"ಅದು ನಿನ್ನ ಹಿಂದೆ ಹೇಗೆ ಬಂತು?"

"ನನ್ ತವರು ಬಂಡೂರಿನ ಪಕ್ಕದಳ್ಳೀಲಿ. ಕುರಿ ಮೇಯ್ಸ್ಕಂಡೇ ಬೆಳ್ದೋಳು. ಸೆರಗಲ್ಲಿ ಉರಳಿ ಇಟ್ಕಂಡಿದ್ದೆ."

"ಹಾಜಿರಾ ಬೀಗೆ ಗೊತ್ತಿತ್ತಾ?"

"ಇಲ್ಲ!" ಎಂದಳು ಕುಸುಮ, ಗಾಬರಿಯಿಂದ. "ಬಾಕಿ ಇತ್ತು ಅನ್ನೋದೂ ಗೊತ್ತಿಲ್ಲ. ಅವ್ರನ್ನ ಬುಟ್ಬುಡಿ."

ಹಾಜಿರಾ ಬೀ ತಿರುಗಿ ನೋಡಿದಳು. "ನನ್ನ ಕೇಳಬಾರ್ದಿತ್ತಾ ಕುಸುಮ?"

"ನಿಮ್ಮನೇಲೂ ಒಲೆ ಉರೀಬೇಕಲ್ಲ ಅಕ್ಕ."

ಮಂಚದ ಮೇಲಿಂದ ಬೆಳ್ಳಮ್ಮ ಏನೋ ಗೊಣಗಿದಳು. ಕುಸುಮ ಕೈಚೀಲ ಬಿಸಾಡಿ ಹೋಗಿ ಬಗ್ಗಿ ನೋಡಿದಳು. ಬಟ್ಟೆ ಒದ್ದೆಯಾಗಿತ್ತು.

"ಮೇಡಂ, ಇವ್ರನ್ನ ಒಂದ್ ಗಳಿಗೆ ಸುದ್ದ ಮಾಡ್ಬುಟ್ಟು ಬತ್ತೀನಿ. ಆಮೇಕೆ ಎಲ್ಲಿಗ್ ಕರೆದ್ರೂ ಬತ್ತೀನಿ."

ಮರಿಸಿದ್ದಯ್ಯ ಹೊರಗೆ ಹೋಗಿ ನಿಂತ. ಸೌಮ್ಯ ಹೋಗಲಿಲ್ಲ. ಟೋಪಿ ತೆಗೆದಿಟ್ಟು ಬೆಳ್ಳಮ್ಮನ ಭುಜ ಹಿಡಿದುಕೊಂಡಳು. ಆ ಮೈ ಒಣಗಿದ ಸೌದೆಯಷ್ಟು ಹಗುರವಾಗಿತ್ತು. ಕುಸುಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬೆನ್ನು ಒರೆಸುತ್ತಲೇ, ಯಾರೂ ಕೇಳದಿದ್ದರೂ ಹೇಳತೊಡಗಿದಳು.

"ನನ್ ಬಾಣಂತನ ಮಾಡಿದ್ದು ಇವ್ರೇ. ಕೂಸು ಉಳೀನಿಲ್ಲ. ಕೂಸಿಲ್ದೋಳಿಗೆ ಎಂತ ಬಾಣಂತನ ಅಂದ್ರು ಎಲ್ರೂವೆ. ಇವ್ರು ಮಾತ್ರ ದಿನಾ ಅಂಡೆ ತುಂಬ ನೀರ್ ಕಾಯ್ಸಿ ಉಯ್ದ್ರು. ಮೈಗೆ ನೋವು ಗೊತ್ತು ಕಣವ್ವ, ಕೂಸು ಇದ್ರೂ ಅಷ್ಟೇಯ ಇಲ್ದಿದ್ರೂ ಅಷ್ಟೇಯ ಅನ್ನೋರು. ನಮ್ಮೆಜಮಾನ್ರು ತೀರ್ಕಂಡ್ ಮ್ಯಾಲೂ ನನ್ನ ತವರಿಗೆ ಅಟ್ನಿಲ್ಲ."

ಸೌಮ್ಯಳ ಕೈ ಬೆಳ್ಳಮ್ಮನ ಭುಜದ ಮೇಲೆಯೇ ಇತ್ತು.

ಮರಿಸಿದ್ದಯ್ಯ ಬಾಗಿಲಲ್ಲಿ ಕೆಮ್ಮಿದ. "ಮೇಡಂ, ಹೊತ್ತು ಮುಳುಗ್ತಾ ಐತೆ."

ಸೂರ್ಯಾಸ್ತವಾದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಸೌಮ್ಯ ಕಿಟಕಿಯತ್ತ ನೋಡಿದಳು.

"ಮುಳುಗಲಿ," ಎಂದಳು.

ಬೆಳಿಗ್ಗೆ ಠಾಣೆಗೆ ಹಾಜರಾಗುವಂತೆ ಕುಸುಮಳಿಗೆ ನೋಟಿಸು ಕೊಟ್ಟು ಹೊರಟರು. ಜೀಪಿನಲ್ಲಿ ಮರಿಸಿದ್ದಯ್ಯ ಒಂದೇ ಮಾತು ಕೇಳಿದ. "ಬರ್ದಿದ್ರೆ?"

"ನನ್ನ ಕೆಲಸಕ್ಕೆ ಕುತ್ತು ಬರತ್ತೆ."

ಭಾನುವಾರ ಬೆಳಿಗ್ಗೆ ಹತ್ತಾದರೂ ಕುಸುಮ ಬರಲಿಲ್ಲ. ಸೌಮ್ಯ ಮೂರು ಸಲ ಬಾಗಿಲಿಗೆ ಬಂದು ಹೋದಳು. ಹನ್ನೊಂದರ ಹೊತ್ತಿಗೆ ಮದ್ದೂರಿನ ಬಸ್ಸಿಳಿದು, ಒಂದು ಜೊತೆ ಬಟ್ಟೆಯ ಚೀಲ ಹಿಡಿದು ಕುಸುಮ ನಡೆದು ಬಂದಳು. ಅತ್ತೆಗೆ ತಲೆ ಬಾಚಿ ಬರುವಷ್ಟರಲ್ಲಿ ಬಸ್ಸು ತಪ್ಪಿತ್ತಂತೆ.

ಅವಳ ಹೇಳಿಕೆ ಬರೆದುಕೊಂಡು ಬಂಧಿಸಿದ್ದಾಯಿತು. ವಿಷಯವನ್ನು ಮನೆಯವರಿಗೆ ತಿಳಿಸಬೇಕಿತ್ತು. ಕುಸುಮ ಹಾಜಿರಾ ಬೀ ನಂಬರು ಕೊಟ್ಟಳು. ಸೌಮ್ಯ ತಾನೇ ಫೋನು ಮಾಡಿದಳು.

"ಮಂಡ್ಯದಿಂದ ನಿಮ್ಮನ್ನ ವಾಪಸ್ ಕರೆದ್ರಾ?"

"ಕರೆದ್ರು. ಅವಳು ಬರೋ ತನಕ ಬರಲ್ಲ ಅಂದೆ. ಆಮೇಲಿನ್ ಮಾತು ಆಮೇಲೆ."

ಟಗರು ಬಿಡಿಸಿಕೊಳ್ಳುವ ಅರ್ಜಿಗೆ ಸಹಿ ಹಾಕಲು ಬಂದಿದ್ದ ಹೊನ್ನಯ್ಯ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಕುಸುಮ ಅವನ ಮುಂದೆ ಕೈ ಮುಗಿದು ನಿಂತಳು.

"ಬಂದು ಕೇಳಿದ್ರೆ ಕೊಡ್ತಿರ್ನಿಲ್ಲ ಕಣಮ್ಮ, ಸುಳ್ ಯಾಕೆ ಏಳ್ಲಿ," ಎಂದ ಅವನು. ಆಮೇಲೆ ಸೌಮ್ಯಳತ್ತ ತಿರುಗಿದ. "ಜಾಮೀನಿಗೆ ನನ್ನ ತಕರಾರಿಲ್ಲ ಅಂತ ಬರ್ಕಳ್ಳಿ. ಅದಕ್ಕೂ ಒಂದ್ ಸಹಿ ಮಡಗ್ತೀನಿ."

ಫೋನು ಇನ್ನೂ ಚಾಲ್ತಿಯಲ್ಲಿತ್ತು. ಸೌಮ್ಯ ಅದನ್ನು ಕುಸುಮಳ ಕಿವಿಗೆ ಹಿಡಿದಳು. ಅತ್ತ ಕಡೆಯಿಂದ ಹಾಜಿರಾ ಬೀ ಜೋರಾಗಿ ಹೇಳುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು.

"ಅಮ್ಮ ಉಂಡ್ರು ಕಣೇ. ನೀನೂ ಏನಾದ್ರೂ ತಿನ್ನು."