ಅತ್ತೆ ಹಾಕಿದ ದಾರಿ

ಜಗಳೂರಿನ ಮನೆಯ ಪಡಸಾಲೆಯಲ್ಲಿ ನಮೀಬಿಯಾ ದೇಶದ ನಕ್ಷೆ ಹಾಸಿ, ಲಾರಿ ಡ್ರೈವರ್ ಪರಶುರಾಮ್ ಪೆನ್ಸಿಲು ಹಿಡಿದು ಕುಳಿತ. ಆ ದೇಶದ ಒಂದು ಮೂಲೆಯಲ್ಲಿ ಕುರಿಗಾರರ ಸಭೆ. ನಲವತ್ತು ವರ್ಷ ಕುರಿಗಳ ಹಿಂದೆ ನಡೆದ ಅವನ ಅತ್ತೆ ಕರಿಯಕ್ಕನಿಗೆ ಅಲ್ಲಿ ಮಾತಾಡಲು ಕರೆ ಬಂದಿತ್ತು. ಬುಧವಾರ ಬೆಳಿಗ್ಗೆ ಹತ್ತಕ್ಕೆ. ತಪ್ಪಿದರೆ ಸರದಿ ಇನ್ನೊಬ್ಬರಿಗೆ. ಇಷ್ಟು ವರ್ಷ ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ. ಹೋಗಲೇಬೇಕೆಂಬ ಆಸೆ ಆಕೆಯ ನಿದ್ದೆಗೆಡಿಸಿತ್ತು.

"ವಿಮಾನ ಇಳಿದಲ್ಲಿಂದ ಏಳ್ನೂರು ಕಿಲೋಮೀಟ್ರು ತಾನೇ? ಮೆಕ್ಕೆಜೋಳ ಹೇರ್ಕಂಡು ಒಂದೇ ಪಟ್ಟಿಗೆ ಮುಂಬೈ ಮುಟ್ಟಿದೋನು ನಾನು," ಎಂದ ಪರಶುರಾಮ್.

ಆ ಮನೆಯಲ್ಲಿ ಅತ್ತೆಯ ಮಾತು ಅಳಿಯನನ್ನು ಮುಟ್ಟುವುದು ಮಗಳ ಮೂಲಕವೇ. ಅಳಿಯ ಎದುರಿಗೇ ಕುಳಿತಿದ್ದರೂ ಸರಿ. "ಗಂಗೋತ್ರಿ, ನಾವು ದಾರಿ ಎಣಿಸೋದು ನೀರಿಂದ ನೀರಿಗೆ. ನಿನ್ನ ಯಜಮಾನ್ರಿಗೆ ಹೇಳವ್ವ," ಎಂದಳು ಕರಿಯಕ್ಕ.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಗಂಗೋತ್ರಿ ನಗು ತಡೆದುಕೊಂಡು ಹೇಳಿದಳು. ಪರಶುರಾಮ್ ತಲೆ ಕೆರೆದುಕೊಂಡು, ನೀರು, ಡೀಸೆಲ್ ಎರಡೂ ಸಿಗುವ ಊರುಗಳಿಗೆ ಸುತ್ತು ಹಾಕಿದ. ಒಂದು ದಿನದ ದಾರಿ ಎರಡು ದಿನವಾಯಿತು. ಬುಧವಾರಕ್ಕೆ ಅರವತ್ತೇ ಕಿಲೋಮೀಟರ್ ಉಳಿಸಿಕೊಂಡರು.

ನಮೀಬಿಯಾದಲ್ಲಿ ಇಳಿದಾಗ, ಬಾಡಿಗೆ ಜೀಪು ಕೊಟ್ಟವನು ಮರಳಿನಲ್ಲಿ ಟೈರಿನ ಗಾಳಿ ಇಳಿಸಬೇಕೆಂದ. ಲಾರಿ ಡ್ರೈವರಿಗೇ ಟೈರಿನ ಪಾಠ! "ಟೈರು ಕಲ್ಲಿನಂಗೆ ಇರ್ಬೇಕು," ಎಂದು ಪರಶುರಾಮ್ ಇನ್ನಷ್ಟು ಗಾಳಿ ತುಂಬಿಸಿದ. ಕರಿಯಕ್ಕ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು.

ಎರಡು ದಿನ ಜಲ್ಲಿ ರಸ್ತೆ. ಕೆಂಪು ನೆಲ, ಹಳದಿ ಹುಲ್ಲು, ದೂರದಲ್ಲಿ ಬೋಳು ಗುಡ್ಡಗಳು. ಜಗಳೂರಿನ ಬಯಲನ್ನೇ ಯಾರೋ ಹಿಡಿದು ಉದ್ದಕ್ಕೆ ಎಳೆದಂತಿತ್ತು. ಗಂಟೆಗೊಂದು ಗಾಡಿ ಎದುರಾದರೆ ಹೆಚ್ಚು. ಒಮ್ಮೆ ಉಷ್ಟ್ರಪಕ್ಷಿಗಳ ಹಿಂಡು ಜೀಪಿನ ಜೊತೆಗೇ ಓಡಿತು. "ಇಲ್ಲಿ ಕುರಿ ಚೆನ್ನಾಗಿ ಮೇಯ್ತಾವೆ," ಎಂದಳು ಕರಿಯಕ್ಕ.

ಬುಧವಾರ ಬೆಳಿಗ್ಗೆ ಎಂಟು. ದಾರಿಗೆ ಅಡ್ಡವಾಗಿ ಒಣಗಿದ ಹೊಳೆ.

ಜೀಪು ಮರಳಿಗಿಳಿಯಿತು. ಹೂತಿತು.

ಪರಶುರಾಮ್ ಆಕ್ಸಿಲರೇಟರ್ ಒತ್ತಿದ. ಚಕ್ರ ಇನ್ನೂ ಒಂದು ಗೇಣು ಇಳಿಯಿತು. ಫೋನಿಗೆ ಸಿಗ್ನಲ್ ಇಲ್ಲ. ಗಂಗೋತ್ರಿ ಸಿಗ್ನಲ್ ಹುಡುಕುತ್ತ ದೂರದ ದಿಬ್ಬ ಹತ್ತಿದಳು. ಕರಿಯಕ್ಕ ದಿಬ್ಬದತ್ತ ನೋಡಿದಳು, ಗಡಿಯಾರ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಪರಶುರಾಮಪ್ಪ, ಗಾಳಿ ಬಿಡ್ರಿ."

ಜೀಪು ಹೂತದ್ದಕ್ಕಿಂತ ಈ ಮಾತಿಗೇ ಅವನು ಹೆಚ್ಚು ಬೆಚ್ಚಿದ.

"ಹಗರಿ ಹೊಳೆ ದಾಟುವಾಗ ನಮ್ಮ ಕುರಿಮರಿ ಹೇರೋ ಟೈರಿನ ಗಾಡಿನೂ ಹಿಂಗೇ ಹೂತಿತ್ತು. ಟೈರು ಮೆತ್ತಗಾದ್ರೆ ಮರಳಿನ ಮೇಲೆ ಕೂರ್ತೈತೆ."

"ಮೊದ್ಲೇ ಯಾಕ್ರಿ ಹೇಳ್ಲಿಲ್ಲ ಅತ್ತೆ?"

"ಅಳಿಯಂದ್ರು ಅಂತ ಸುಮ್ನಿದ್ದೆ. ತಪ್ಪು ನಂದೇ. ಈಗ ಕೈ ಆಡಿಸ್ರಿ."

ನಾಲ್ಕೂ ಟೈರು ಬುಸ್ಸೆಂದವು. ಇಬ್ಬರೂ ಮೊಣಕಾಲೂರಿ ಮರಳು ತೋಡಿದರು. ಸಭೆಯಲ್ಲಿ ಹೊದೆಯಲೆಂದು ತಂದಿದ್ದ ಕಂಬಳಿಯನ್ನು ಕರಿಯಕ್ಕ ಚಕ್ರದ ಕೆಳಗೆ ಹಾಸಿದಳು.

"ಅತ್ತೆ, ಅದು..."

"ಹೊಡೀರಿ ಗಾಡಿ."

ಜೀಪು ಹೊಯ್ದಾಡಿತು, ಚಕ್ರ ಕಂಬಳಿ ಹಿಡಿಯಿತು, ಗಾಡಿ ದಡ ಹತ್ತಿತು. ದಿಬ್ಬದಿಂದ ಓಡಿಬಂದ ಗಂಗೋತ್ರಿಯನ್ನೂ ಕಂಬಳಿಯನ್ನೂ ಹತ್ತಿಸಿಕೊಂಡು ಹೊರಟರು.

ಹತ್ತಕ್ಕೆ ಎಂಟು ನಿಮಿಷ ಇದ್ದಾಗ ಕರಿಯಕ್ಕ ಸಭೆಯ ಬಾಗಿಲಲ್ಲಿದ್ದಳು. ಹರಿದ ಕಂಬಳಿಯನ್ನು ಕೊಡವಿ ಹೊದ್ದು, ನೀರಿಂದ ನೀರಿಗೆ ದಾರಿ ಎಣಿಸುವುದನ್ನು ಕನ್ನಡದಲ್ಲೇ ಹೇಳಿದಳು. ಗಂಗೋತ್ರಿ ಇಂಗ್ಲಿಷಿಗೆ ತಿರುಗಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಪರಶುರಾಮ್ ಕಣ್ಣೊರೆಸಿಕೊಂಡ.

ವಾರದ ನಂತರ ಜಗಳೂರಿನ ಅದೇ ಪಡಸಾಲೆ. ಒಳಗಿನಿಂದ ಕರಿಯಕ್ಕನ ಹಳೇ ರಾಗ: "ಗಂಗೋತ್ರಿ, ನಿನ್ನ ಯಜಮಾನ್ರಿಗೆ ಊಟಕ್ಕೆ ಬರಾಕೆ ಹೇಳವ್ವ."

"ನಂಗೇ ಹೇಳ್ರಿ ಅತ್ತೆ," ಎಂದ ಪರಶುರಾಮ್. "ಇಲ್ಲೇ ಇದೀನಿ."