ಹೆಸರು ಮೇಲಾದ ಇಟ್ಟಿಗೆ

ಮಾರೆಪ್ಪ ಇಟ್ಟಿಗೆಯ ಅಂಗಳದಲ್ಲಿ ಬೋರಲು ಬಿದ್ದಿದ್ದ. ಬಲಗೈ ಕಬ್ಬಿಣದ ನಲ್ಲಿಯ ಬುಡದಲ್ಲಿ. ಬರಿಗಾಲು ನೆಲದಲ್ಲಿ ಹುದುಗಿಸಿದ ದೀಪದ ಪಕ್ಕದಲ್ಲಿ.

ಕಮಲಾಪುರದಾಚೆಯ ಆ ರೆಸಾರ್ಟಿನಲ್ಲಿ ಅತಿಥಿಗಳು ಏಳುವ ಮೊದಲು ಅಂಗಳ ತೊಳೆಯುವುದು ಅವನ ಕೆಲಸ. ಗುಡಿಸಲು ಬಂದ ಹೆಂಡತಿ ಎರ್ರೆಮ್ಮನೇ ಮೊದಲು ನೋಡಿದಳು. ಅವಳ ಕೂಗಿಗೆ ಇಡೀ ರೆಸಾರ್ಟು ಎದ್ದಿತು. ನೆಲದಲ್ಲಿ ಕರೆಂಟು ಇದೆಯೆಂದು ಮಾಲೀಕ ಎಲ್ಲರನ್ನೂ ಅಂಗಳದಿಂದ ಆಚೆ ಕಳಿಸಿದ.

ಪೊಲೀಸರಿಗೆ ಫೋನು ಹೋದದ್ದು ಮಾತ್ರ ಬಿಸಿಲೇರಿದ ಮೇಲೆ. ಅಷ್ಟರಲ್ಲಿ ಮಾಲೀಕ ಪ್ರವೀಣ ಅಪರಾಧಿಯನ್ನೂ ಹುಡುಕಿಟ್ಟಿದ್ದ.

"ಪಂಪೇಶ್ ಅಂತ, ಮೆಟ್ರಿ ಊರವ. ದೀಪ ಹಾಕಿದವ ಅವನೇ," ಎಂದ ಪ್ರವೀಣ, ಮೊಬೈಲಿನಿಂದ ತಲೆ ಎತ್ತದೆ. "ಕೆಲಸ ಬರಾಂಗಿಲ್ಲ ಮೇಡಮ್. ಸತ್ತವನ ಅಕ್ಕನ ಮಗ ಅಂತ ಕೊಟ್ಟೆ. ಮಾವನ್ನೇ ತಿಂದ."

ಸಬ್ ಇನ್ಸ್‌ಪೆಕ್ಟರ್ ಗಾಯತ್ರಿ ದೀಪದತ್ತ ಒಮ್ಮೆ ನೋಡಿದಳು. ಭೌತಶಾಸ್ತ್ರ ಓದಿ ಪೊಲೀಸಾದವಳು. ಮಾತಿಗಿಂತ ಅಳತೆಯನ್ನು ನಂಬುವವಳು. ಹುಡುಕುವ ಮೊದಲೇ ಸಿಕ್ಕ ಅಪರಾಧಿ ಎಂದರೆ ಅವಳಿಗೆ ಹಳಸಿದ ಅನ್ನದಷ್ಟೇ ಅಸಹ್ಯ.

ಅವಳು ಪ್ರವೀಣನನ್ನು ಮೇಲಿಂದ ಕೆಳಗೆ ನೋಡಿದಳು. ಸಂಡೂರಿನಲ್ಲಿ ಅಪ್ಪ ಓಡಿಸಿದ ಅದಿರು ಲಾರಿಗಳ ಮೇಲೆ ಬೆಳೆದ ಮಗ. ಮೈಮೇಲೆ ಬಿಳಿ ಲಿನನ್ ಅಂಗಿ. ಕಾಲಲ್ಲಿ ಬಿಳಿ ಬೂಟು. ಹೆಣದಿಂದ ನಾಲ್ಕು ಮಾರು ದೂರ ನಿಂತು, ಸಂಜೆಯ ಮದುವೆ ಪಾರ್ಟಿಗೆ ಅಂಗಳ ಖಾಲಿಯಾಗುತ್ತದೆಯೇ ಎಂದು ಕೇಳಿದ.

ಜೀಪಿನಲ್ಲಿ ಪಂಪೇಶ್ ತಲೆ ತಗ್ಗಿಸಿ ಕೂತಿದ್ದ. ಕಾನ್‌ಸ್ಟೇಬಲ್ ಮೈಲಾರಲಿಂಗಪ್ಪ ಆಗಲೇ ಅವನನ್ನು ಒಳಗೆ ಹಾಕಿ ಬಾಗಿಲು ಜಡಿದಿದ್ದ. ಹೆಣದ ಬಳಿ ಕೂತ ಎರ್ರೆಮ್ಮ ಜೀಪಿನತ್ತ ಮಣ್ಣು ತೂರಿ ಶಪಿಸುತ್ತಿದ್ದಳು. ಇಂದು ಜೈಲಿಗೆ ಹೋದರೆ ಅವನಿಗೆ ಕೆಲಸವೂ ಇಲ್ಲ, ಬಳಗವೂ ಇಲ್ಲ. ಗಾಯತ್ರಿಗೆ ಅದು ಸ್ಪಷ್ಟವಾಗಿತ್ತು.

*

ಕಮಲಾಪುರದ ಆಸ್ಪತ್ರೆಯಿಂದ ಬಂದ ಡಾಕ್ಟರು ಎರಡು ಗುರುತು ತೋರಿಸಿದರು. ಅಂಗಾಲಿನಲ್ಲಿ ಒಂದು ಸುಟ್ಟ ಕಲೆ. ಅಂಗೈಯಲ್ಲಿ ಇನ್ನೊಂದು. ಕರೆಂಟು ಕಾಲಲ್ಲಿ ಹೊಕ್ಕು ಕೈಯಲ್ಲಿ ಹೊರಟಿದೆ.

ಗಾಯತ್ರಿ ಜೀಪಿನ ಬಳಿ ಹೋದಳು. ದೀಪ ಹೇಗೆ ಹಾಕಿದೆ ಎಂದು ಪಂಪೇಶನನ್ನು ಕೇಳಿದಳು. ಅವನು ಒಂದೇ ದನಿಯಲ್ಲಿ ಹೇಳಿದ: ಇಟ್ಟಿಗೆ ಕಿತ್ತು ಗುಂಡಿ ತೋಡಿ, ನೀರು ಇಂಗಲೆಂದು ತಳಕ್ಕೆ ಜಲ್ಲಿ ಹಾಕಿ, ಅದರ ಮೇಲೆ ದೀಪ ಕೂರಿಸಿದ್ದು. ಅಂಗಳದ ಮದುವೆ ವೇದಿಕೆಯ ಹಿಂದಿನ, ಮನೆ ಕರೆಂಟನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಿಂದ ದೀಪಕ್ಕೊಂದು ವೈರು. ಎಲ್ಲವೂ ಹನ್ನೆರಡು ವೋಲ್ಟಿನವು.

"ಮಾವ ಬರಿಗಾಲಾಗ ತೊಳೀತಾನ್ರಿ," ಎಂದ. "ಅದಕ್ಕ ಹನ್ನೆರಡೇ ಹಾಕಿದ್ದು."

ಗಾಯತ್ರಿ ಮೀಟರು ತರಿಸಿ ದೀಪ ಹೊತ್ತಿಸಿದಳು. ಹನ್ನೆರಡೇ ಇತ್ತು. ನೆಲಕ್ಕೆ ನೀರು ಬಿಡಿಸಿದಳು. ಬೂಟು ಕಳಚಿ, ಮಾರೆಪ್ಪನ ಪಕ್ಕದ ದೀಪದ ಮೇಲೆ ಬರಿಗಾಲು ಊರಿ, ಕೈಯಿಂದ ನಲ್ಲಿ ಹಿಡಿದಳು.

ಮ್ಯಾನೇಜರ್ ಹನುಮೇಶ್ ಮುಖ ಮುಚ್ಚಿಕೊಂಡ. ಏನೂ ಆಗಲಿಲ್ಲ.

"ಈ ದೀಪ ಸೊಳ್ಳೆ ಸಾಯಿಸಾಕೂ ಲಾಯಕ್ಕಿಲ್ಲ," ಎಂದಳು ಗಾಯತ್ರಿ.

ಪ್ರವೀಣ ತಡಬಡಾಯಿಸಲಿಲ್ಲ. "ಹಂಗಾದ್ರ ಹಾರ್ಟ್ ಅಟ್ಯಾಕ್ ಇರಬೇಕು," ಎಂದ. "ಭಾಳ ಕುಡೀತಿದ್ದ."

"ಹಾರ್ಟ್ ಅಟ್ಯಾಕಿಗೆ ಅಂಗಾಲು ಸುಡ್ತದೇನ್ರಿ?"

*

ವೇದಿಕೆಯ ಹಿಂದೆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಗೋಡೆಗೆ ಅಂಟಿಕೊಂಡಿತ್ತು. ಗಾಯತ್ರಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ವೈರು ಹೊರಬರುವ ತೂತುಗಳ ಸುತ್ತ ಅದಿರಿನ ಕೆಂಪು ಧೂಳು ಮೆತ್ತಿತ್ತು. ಒಂದು ತೂತಿನಲ್ಲಿ ಮಾತ್ರ ಹಸಿಯಾಗಿ ಮುರಿದ ಮಣ್ಣು. ಕಣಜದ ಹುಳು ಕಟ್ಟಿದ ಗೂಡು. ಕೆಳಗೆ ಉದುರಿದ ಹೆಂಟೆಯಲ್ಲಿ ಬಿಳಿ ಮರಿಹುಳುವೊಂದು ಇನ್ನೂ ಮಿಸುಕುತ್ತಿತ್ತು. ಇರುವೆಗಳು ಆಗಷ್ಟೇ ಮೂಸಿನೋಡುತ್ತಿದ್ದವು.

ಆ ತೂತಿನ ವೈರು ಮಾರೆಪ್ಪನ ಪಕ್ಕದ ದೀಪಕ್ಕೇ ಹೋಗುತ್ತಿತ್ತು.

ಅವಳು ದೀಪದ ಬಳಿಗೆ ಮರಳಿದಳು. ಆ ಸುತ್ತಿನ ಇಟ್ಟಿಗೆಗಳ ಸಂದುಗಳಲ್ಲಿ ಮರಳು ಹೊಸದಾಗಿ, ಬಿಳಿಯಾಗಿತ್ತು. ಉಳಿದೆಡೆ ಧೂಳು ಕುಡಿದು ಕೆಂಪಾಗಿತ್ತು. ಒಂದು ಇಟ್ಟಿಗೆಯ ಮೇಲೆ 'ಹುಲಿಗೆಮ್ಮ' ಎಂಬ ಅಚ್ಚು ಬಿಸಿಲಿಗೆ ಮುಖ ಮಾಡಿತ್ತು. ಕಂಪ್ಲಿ ಕಡೆಯ ಭಟ್ಟಿಯೊಂದರ ಗುರುತು. ಅಂಗಳದ ಬೇರೆ ಯಾವ ಇಟ್ಟಿಗೆಯಲ್ಲೂ ಹೆಸರು ಕಾಣಲಿಲ್ಲ.

ನೀರಿನ ಬಕೆಟ್ಟು ಹಿಡಿದು ಬಂದ ಹನುಮೇಶ್ ಆ ಇಟ್ಟಿಗೆಯನ್ನು ಸುತ್ತಿ ಬಳಸಿ ಹೋದ. ತಾನು ಬಳಸಿದ್ದು ಅವನಿಗೂ ತಿಳಿಯಲಿಲ್ಲ. ಹಿಂದೆಯೇ ಬಂದ ಪ್ರವೀಣ ನೇರ ಅದರ ಮೇಲೆ ಬಿಳಿ ಬೂಟು ಊರಿ ನಿಂತ.

ಗಾಯತ್ರಿ ಎದ್ದು ಕೈಯ ಧೂಳು ಜಾಡಿಸಿದಳು.

*

"ನಾ ಹೇಳ್ತೀನಿ, ಕೇಳ್ರಿ," ಎಂದಳು. ಎಲ್ಲರಿಗೂ ಕೇಳುವಂತೆ, ಆದರೆ ದನಿ ಏರಿಸದೆ.

ಪಂಪೇಶ್ ಹಾಕಿದ್ದ ದೀಪ ಮಂಕಾಗಿತ್ತು. ಮದುವೆ ಮಂದಿಯ ರೀಲ್ಸಿಗೆ ಸಾಲದೆ ಹೋಗಿರಬೇಕು. ಪ್ರವೀಣ ಈ ಒಂದು ಜಾಗಕ್ಕೆ ಮನೆ ಕರೆಂಟಿನ ದೊಡ್ಡ ದೀಪ ತಂದು ತಾನೇ ಕೂರಿಸಿದ. ಪೆಟ್ಟಿಗೆಯ ತೂತು ಖಾಲಿಯಾಯಿತು. ಕಣಜ ಅಲ್ಲಿ ಗೂಡು ಕಟ್ಟಿತು. ಇಂದು ಮುಂಜಾನೆ ಮಾರೆಪ್ಪ ಸತ್ತ. ಆಗ ಪ್ರವೀಣ ಎಲ್ಲರನ್ನೂ ಆಚೆ ಕಳಿಸಿ ಹೊಸ ದೀಪ ಕಿತ್ತು, ಮೊದಲು ತೆಗೆದಿಟ್ಟಿದ್ದ ಪಂಪೇಶನ ದೀಪವನ್ನು ಗೂಡು ಮುರಿದು ಮತ್ತೆ ಜೋಡಿಸಿದ. ಪಂಪೇಶನ ದೀಪ ಅಲ್ಲಿದ್ದರೆ ಪಂಪೇಶನೇ ಕೊಂದಂತೆ ಎಂದು ಲೆಕ್ಕ ಹಾಕಿದ. ಯಾರನ್ನೂ ಕೊಲ್ಲಲಾಗದ ದೀಪವನ್ನು ತಂದಿಟ್ಟು ಕೊಲೆಗಾರನನ್ನು ತೋರಿಸಿದ.

"ಇಷ್ಟು ದಡ್ಡತನ ನಾ ಎಲ್ಲೂ ಕಂಡಿಲ್ಲ," ಎಂದಳು.

ಪ್ರವೀಣ ನಕ್ಕ. "ನಾ ಇಟ್ಟಿಗೆ ಮುಟ್ಟೋ ಮನುಷ್ಯ ಏನ್ರಿ? ಪಂಪೇಶನೇ ಬಂದು ಬದಲಿಸ್ಯಾನ."

"ಮುಟ್ಟೋ ಮನುಷ್ಯ ಅಲ್ಲ. ಅದಕ್ಕೇ ಸಿಕ್ಕಿಬಿದ್ದೀರಿ." ಅವಳು ಅವನ ಬೂಟಿನತ್ತ ಬೆರಳು ತೋರಿದಳು. "ದೇವರ ಹೆಸರು ಕಾಲಡಿ ಬರಬಾರದು ಅಂತ ಈ ಕಡೆ ಇಟ್ಟಿಗೆ ಕೂರಿಸೋರು ಅಚ್ಚು ಕೆಳಗ ಮಾಡ್ತಾರ. ಪಂಪೇಶ್ ಹಾಕಿದ ಬೇರೆ ದೀಪಗಳ ಸುತ್ತ ನೋಡ್ರಿ, ಒಂದೂ ಮೇಲಿಲ್ಲ. ನಿಮ್ಮ ಮ್ಯಾನೇಜರು ಅದನ್ನ ದಾಟಿ ನಡೀತಾರ. ನೀವು ಹುಲಿಗೆಮ್ಮನ ಮ್ಯಾಲ ನಿಂತು ಮಾತಾಡ್ತೀರಿ. ನೆಲ ನೋಡಿ ನಡೆದವ ಒಬ್ಬನೂ ಆ ಇಟ್ಟಿಗೆ ಹಂಗ ಇಡಾಂಗಿಲ್ಲ."

ಪ್ರವೀಣ ಕಾಲು ಎತ್ತಿಕೊಂಡ. ಆಮೇಲೆ ಎತ್ತಿದ್ದಕ್ಕೆ ನಾಚಿದ.

ಗಾಯತ್ರಿ ಹನುಮೇಶನ ಕಡೆ ತಿರುಗಿದಳು. ಅವನು ಬಕೆಟ್ಟು ಕೆಳಗಿಟ್ಟ. "ಧಣಿ ಕಾರಿನ ಡಿಕ್ಕಿಯಾಗ ಐತ್ರಿ ದೀಪ," ಎಂದ. "ಅದನ್ನ ಹಾಕಿದಾಗ ಶಾಕ್ ತಡೆಯೋ ಸ್ವಿಚ್ ತಾನೇ ಬೀಳ್ತಿತ್ರಿ. ತ್ರಾಸಂತ ಅದನ್ನ ತಪ್ಪಿಸಿ ನೇರ ಲೈನ್ ಎಳದ್ರು. ಬ್ಯಾಡ ಅಂದೆ. ಬಾಯಿ ಮುಚ್ಚು ಅಂದ್ರು."

ಡಿಕ್ಕಿಯಲ್ಲಿ ದೀಪ ಟವೆಲ್ಲಿನಲ್ಲಿ ಸುತ್ತಿತ್ತು. ಗಾಜಿನೊಳಗೆ ನೀರು ನಿಂತಿತ್ತು. ನೀರು ತಡೆಯುವ ರಬ್ಬರಿನ ಸೀಲು ತಲೆಕೆಳಗಾಗಿ ಕೂತಿತ್ತು.

"ಅದು ಆ್ಯಕ್ಸಿಡೆಂಟು," ಎಂದ ಪ್ರವೀಣ. "ನಾ ಬೇಕಂತ ಮಾಡಿದ್ದಲ್ಲ."

"ಮಾರೆಪ್ಪನ್ನ ಬೇಕಂತ ಕೊಂದಿಲ್ಲ. ಒಪ್ತೀನಿ," ಎಂದಳು ಗಾಯತ್ರಿ. "ಪಂಪೇಶನ್ನ ಮಾತ್ರ ಬೇಕಂತಲೇ."

ಮೈಲಾರಲಿಂಗಪ್ಪ ಪ್ರವೀಣನ ತೋಳು ಹಿಡಿದ. ಬಿಳಿ ಅಂಗಿಯ ಮೇಲೆ ಅವನ ಕೈಯ ಕೆಂಪು ಧೂಳು ಮೂಡಿತು. ಹನುಮೇಶನ ಹೇಳಿಕೆಯನ್ನೂ ಬರೆಸಿಕೊಳ್ಳಲು ಹೇಳಿ ಗಾಯತ್ರಿ ಬೂಟು ಹಾಕಿಕೊಂಡಳು. ಬಾಯಿ ಮುಚ್ಚಿದವನ ಮೇಲೂ ಅವಳಿಗೆ ಕರುಣೆ ಹುಟ್ಟಲಿಲ್ಲ.

ಎರ್ರೆಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳು ನಿಲ್ಲಿಸಿ ಎದ್ದಳು. ಜೀಪಿನ ಬಳಿ ನಡೆದು ಬಾಗಿಲು ಎಳೆದಳು. ಅದು ಬಿಗಿಯಾಗಿತ್ತು. ಎರಡೂ ಕೈ ಹಾಕಿ ಎಳೆದಳು.

ಪಂಪೇಶ್ ತಲೆ ಎತ್ತಲಿಲ್ಲ. "ಅತ್ತಿ..." ಎಂದ.

"ಇಳಿಯೋ," ಎಂದಳು ಎರ್ರೆಮ್ಮ. "ನಿಮ್ಮ ಮಾವನ್ನ ವ್ಯಾನಿಗೆ ಎತ್ತಬೇಕು. ಧಣಿ ಮಂದಿ ಕೈ ಹಚ್ಚೋದು ನಂಗ ಬ್ಯಾಡ."