ಆರೂ ಒಟ್ಟಿಗೆ ಎದ್ದವು

ಬೆಳಿಗ್ಗೆ ಒಂಬತ್ತಕ್ಕೆ ಪರದೆಯ ಮೇಲೆ ಎಲ್ಲ ಔಷಧಿಗಳ ಎದುರೂ ಸೊನ್ನೆ. ಗೋದಾಮಿನಲ್ಲಿ ಮಾತ್ರ ಪೆಟ್ಟಿಗೆಗಳು ಸೂರು ಮುಟ್ಟುತ್ತಿದ್ದವು.

ಪರದೆ ನೋಡುತ್ತಿದ್ದ ತಂಗಿ ಗಡಿಯಾರದತ್ತ ತಿರುಗಿದಳು. ಹನ್ನೊಂದಕ್ಕೆ ನಲವತ್ತು ಅಂಗಡಿಗಳ ಪ್ರತಿನಿಧಿಗಳು ಹೊಸ ವ್ಯವಸ್ಥೆ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಅವಳ ಎರಡು ವರ್ಷದ ಕೆಲಸ ಇಂದೇ ಮುಚ್ಚಿಹೋಗುತ್ತಿತ್ತು. ಔಷಧಿ ಸಗಟು ಕಂಪನಿಯ ಹಳೆಯ ದೊಡ್ಡ ಪ್ರೋಗ್ರಾಮನ್ನು ಒಡೆದು ಅವಳು ಆರು ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ಸೇವೆಗಳನ್ನು, ಕಟ್ಟಿದ್ದಳು. ಆರ್ಡರ್‌ಗೊಂದು, ದಾಸ್ತಾನಿಗೊಂದು, ಬಿಲ್ಲಿಗೊಂದು, ಹೀಗೆ. ಒಂದೊಂದೂ ತನ್ನಷ್ಟಕ್ಕೆ ಓಡುತ್ತಿತ್ತು. ಕೋಡ್ ಮುಕ್ತವಾಗಿತ್ತು, ಯಾರು ಬೇಕಾದರೂ ಓದಿ ತಿದ್ದುಪಡಿ ಕಳಿಸಬಹುದಿತ್ತು.

ಹಳೆಯದನ್ನು ಹನ್ನೊಂದು ವರ್ಷ ಒಬ್ಬಳೇ ಬರೆದು ಸಾಕಿದವಳು ಪಕ್ಕದ ಮೇಜಿನವಳು. ಅವಳ ಒಡಹುಟ್ಟಿದ ಅಕ್ಕ.

"ಈಗ ಬರ್ತಿದ್ದೀನಿ, ಇದೇನಿದು?" ಎಂದಳು ಅಕ್ಕ. "ನಾನು ಮೊದಲೇ ಬಡ್ಕೊಂಡೆ. ಬಾಗಿಲು ಹಾರುಹೊಡೆದು ಇಟ್ರೆ ಹೀಗೇ. ಆ ಗೂಬೆ ನಿನ್ನೆ ಏನೋ ಕಳಿಸಿದ್ನಲ್ಲ?"

ಗೂಬೆ ಎಂದರೆ ಆ ಅಡ್ಡಹೆಸರಿನಲ್ಲಿ ಹೊರಗಿನಿಂದ ತಿದ್ದುಪಡಿ ಕಳಿಸುವ, ಯಾರೂ ಮುಖ ನೋಡಿರದ ಒಬ್ಬ ಸ್ವಯಂಸೇವಕ.

ಕೋಡಿನ ತಪ್ಪು ಹುಡುಕುವ ಕೆಲಸದ ಟೆಸ್ಟರ್ ಕುರ್ಚಿ ಎಳೆದು ಕೂತ. ಮೂರು ಸಲ ನೋಡದೆ ಬಾಯಿ ಬಿಡುವವನಲ್ಲ.

\*

"ಗೂಬೆ ಮುಟ್ಟಿದ್ದು ಬಿಲ್ ಸೇವೆ. ಅದೂ ಬರೀ ಅಕ್ಷರದ ಗಾತ್ರ. ಅಲ್ಲಿಂದ ದಾಸ್ತಾನಿನ ಡೇಟಾಬೇಸಿಗೆ ದಾರೀನೇ ಇಲ್ಲ," ಎಂದ ಟೆಸ್ಟರ್.

"ಮತ್ತೆ?" ಎಂದಳು ತಂಗಿ.

"ಯಾರೋ ದಾಸ್ತಾನು ಸೇವೆಗೆ ಖಾಲಿ ಡೇಟಾಬೇಸಿನ ವಿಳಾಸ ಕೊಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಏಳೂ ಹತ್ತಕ್ಕೆ, ಇದೇ ಕಚೇರಿಯಿಂದ. ಲಾಗಿನ್..." ಅವನು ತಡವರಿಸಿದ. "ಚಿಕ್ಕ ಮೇಡಂ, ನಿಮ್ಮದೇ."

"ಆಗ ನಾನು ಮಗಳ ಈಜು ತರಗತೀಲಿದ್ದೆ!"

"ಮಗಳ ಹುಟ್ಟಿದ ದಿನಾನೇ ಇವಳ ಪಾಸ್‌ವರ್ಡು," ಅಕ್ಕ ನಕ್ಕಳು. "ಇಂಥವಳನ್ನ ಎಲ್ಲರೂ ತಲೆ ಮೇಲೆ ಹೊತ್ತು ಕುಣೀತಾರೆ."

ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯಾದ ಲಾಗ್ ಅನ್ನು ಟೆಸ್ಟರ್ ಮತ್ತೆ ಓದಿದ. ಮೂರನೇ ಸಲ ಅವನ ಬೆರಳು ನಿಂತಿತು. ಎದ್ದು ಹೋಗಿ ಕಾವಲುಗಾರನನ್ನು ಮಾತಾಡಿಸಿ ಬಂದ.

\*

"ವಿಳಾಸ ಬದಲಿಸೋಕೆ ದಾಸ್ತಾನು ಸೇವೆ ಒಂದನ್ನೇ ನಿಲ್ಲಿಸಿ ಶುರು ಮಾಡಿದ್ರೆ ಸಾಕಿತ್ತು. ಒಡೆದಿದ್ದೇ ಅದಕ್ಕೆ. ಇಲ್ಲಿ ಆರನ್ನೂ ನಿಲ್ಲಿಸಿ ಆರನ್ನೂ ಎಬ್ಬಿಸಿದ್ದಾರೆ. ಗೂಬೆ ಹಾಗೆ ಮಾಡಲ್ಲ, ಚಿಕ್ಕ ಮೇಡಮ್ಮೂ ಮಾಡಲ್ಲ. ಒಂದು ಸಾಲು ತಿದ್ದಿದ್ರೂ ಎಲ್ಲಾ ನಿಲ್ಲಿಸ್ಬೇಕು ಅನ್ನೋದು ಹಳೇ ಪ್ರೋಗ್ರಾಮಿನ ಅಭ್ಯಾಸ." ಅವನು ತಲೆ ತಗ್ಗಿಸಿದ. "ಏಳಕ್ಕೆ ಕಚೇರಿ ಕೀ ಇಸ್ಕೊಂಡಿದ್ದು ನೀವೇ ಅಂತೆ, ದೊಡ್ಡ ಮೇಡಂ."

ಅಕ್ಕನ ನಗು ಇಳಿಯಿತು.

"ಅಮ್ಮ ಕೂಡ ಫೋನಲ್ಲಿ ನಿನ್ನ ಕೆಲಸದ ಸುದ್ದೀನೇ ಹೇಳ್ತಾಳೆ," ಎಂದಳು ತಂಗಿಗೆ. "ನಾನು ಹನ್ನೊಂದು ವರ್ಷ ಬರೆದಿದ್ದನ್ನ ಚೂರು ಚೂರು ಮಾಡಿ ಬಿಸಾಕ್ದೆ. ಈಗ ಎಲ್ಲಾ ನಿನ್ನ ಹೆಸರಲ್ಲಿ."

ತಂಗಿ ಸರಿಯಾದ ವಿಳಾಸ ಹಾಕಿದಳು. ಒಂದೇ ಸೇವೆ ನಿಂತು, ಎದ್ದಿತು. ಪೆಟ್ಟಿಗೆಗಳು ಪರದೆಗೆ ಮರಳಿದವು. ಆಮೇಲೆ ದಾಸ್ತಾನು ಸೇವೆಯ ಕೋಡ್ ತೆರೆದು ಪರದೆಯನ್ನು ಅಕ್ಕನತ್ತ ತಿರುಗಿಸಿದಳು.

"ಇದನ್ನ ಇದಕ್ಕಿಂತ ಚೆನ್ನಾಗಿ ಬರೆಯೋಕೆ ನಂಗೆ ಬರ್ಲಿಲ್ಲ ಕಣೇ. ಅದೇ ನನ್ನ ಹೊಟ್ಟೆಯುರಿ."

ಸಾಲುಗಳೆಲ್ಲ ಅಕ್ಕನವೇ. ಒಂದಕ್ಷರವೂ ಬದಲಾಗಿರಲಿಲ್ಲ. ಎಲ್ಲಕ್ಕಿಂತ ಮೇಲೆ, ಬರೆದವರು ಎಂಬಲ್ಲಿ, ಅಕ್ಕನ ಹೆಸರಿತ್ತು. ಎರಡು ವರ್ಷದಿಂದ ಯಾರು ಬೇಕಾದರೂ ನೋಡಬಹುದಾಗಿದ್ದ ಆ ಕಡತವನ್ನು ಅಕ್ಕ ಒಂದು ಸಲವೂ ತೆರೆದಿರಲಿಲ್ಲ.